ಮಗಳ ಹಿಂದೆ ಹೋದ ಮಣ್ಣು

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತೇವಲ್ಲ, ಈ ಗಾದೆಗೆ ಊರು ದೇಶಗಳ ಹಂಗಿಲ್ಲ. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ವೇಲ್ಸ್ ಎಂಬ ಪುಟ್ಟ ನಾಡಿನ ಹಳೆಯ ಜಮೀನ್ದಾರ ಮನೆತನಗಳ ಕಥೆ ಓದಿದರೆ ಅದು ಅಲ್ಲಿಯೇ ಹುಟ್ಟಿದ್ದೇನೋ ಅನ್ನಿಸುತ್ತದೆ. ಬೆಟ್ಟ, ಮಳೆ, ಕುರಿಮಂದೆ. ಉಳುವುದಕ್ಕೆ ಸಿಗುವ ನೆಲ ಕಣಿವೆಗಳಲ್ಲಿ ಅಂಗೈಯಗಲ. ಆ ಅಂಗೈಯಗಲಕ್ಕಾಗಿ ಅವರು ತಲೆತಲಾಂತರ ಹೊಡೆದಾಡಿದರು, ಆಮೇಲೆ ತಲೆತಲಾಂತರ ಕೋರ್ಟಿಗೆ ಅಲೆದರು.

ಮಗಳ ಬಾಣಂತನಕ್ಕೆಂದು ಹೋಗಿ ಕಾರ್ಡಿಫ್ ನಗರದಲ್ಲಿ ಆರು ತಿಂಗಳಿದ್ದೆ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಮಲಗಿದ ಮಗು. ಬಾಣಂತಿಗೆ ಎಣ್ಣೆ ನೀರು ಮುಗಿಸಿ, ಸಾರು ಕುದಿಸಿಟ್ಟ ಮೇಲೆ ಕೈಗೆ ಕೆಲಸವಿರುತ್ತಿರಲಿಲ್ಲ. ಅಳಿಯ ಲೈಬ್ರರಿಯಿಂದ ತಂದುಕೊಟ್ಟ ಚರಿತ್ರೆಯ ಪುಸ್ತಕಗಳೇ ನನಗೆ ಜೊತೆ. ರಾಜರ ಯುದ್ಧಗಳನ್ನು ಹಾರಿಸಿ ಓದಿದೆ. ಪಾಲು ಪಂಚಾಯಿತಿಯ ಪುಟಗಳು ಬಂದಾಗ ಮಾತ್ರ ಕನ್ನಡಕ ಒರೆಸಿಕೊಂಡು ಕುಳಿತೆ.

ವೇಲ್ಸಿನ ಹಳೆಯ ಕಾನೂನಿಗೆ ಹತ್ತನೆಯ ಶತಮಾನದ ಹವೆಲ್ ಎಂಬ ಅರಸನ ಹೆಸರಿದೆ. ಅದರ ಪ್ರಕಾರ ಅಪ್ಪನ ನೆಲ ಗಂಡುಮಕ್ಕಳೆಲ್ಲರಿಗೂ ಸಮಪಾಲು. ಪಾಲು ಹಾಕುವ ಕ್ರಮವಂತೂ ಯಾವ ತಾಯಿಯೂ ಮೆಚ್ಚುವಂಥದ್ದು. ಕಿರಿಯವನು ಪಾಲು ಮಾಡಬೇಕು, ಹಿರಿಯವನು ಮೊದಲು ಆರಿಸಿಕೊಳ್ಳಬೇಕು, ಆಮೇಲೆ ಅವನ ನಂತರದವನು. ಇಬ್ಬರು ಮಕ್ಕಳ ಮುಂದೆ ಒಂದೇ ಹೋಳಿಗೆ ಇದ್ದಾಗ ನಾವೂ ಇದನ್ನೇ ಮಾಡುತ್ತೇವೆ. ಒಬ್ಬ ಮುರಿಯಲಿ, ಇನ್ನೊಬ್ಬ ಆರಿಸಲಿ. ಮುರಿಯುವವನ ಕೈ ತಾನಾಗಿಯೇ ತಕ್ಕಡಿಯಾಗುತ್ತದೆ.

ಆದರೆ ಹೋಳಿಗೆ ತಿಂದರೆ ಮುಗಿಯಿತು, ನೆಲ ಮುಗಿಯುವುದಿಲ್ಲ. ಅಣ್ಣತಮ್ಮಂದಿರು ಸತ್ತ ಮೇಲೆ ಅವರ ಮಕ್ಕಳು ಮತ್ತೊಮ್ಮೆ ಸಮಪಾಲು ಕೇಳಬಹುದಿತ್ತು. ಅವರ ಮಕ್ಕಳು ಇನ್ನೊಮ್ಮೆ ಕೇಳಬಹುದಿತ್ತು. ಮೂರು ತಲೆಮಾರಿನವರೆಗೆ ಯಾವ ಬಾಂದುಕಲ್ಲೂ ಗಟ್ಟಿಯಲ್ಲ. ಅಷ್ಟರಲ್ಲಿ ಅಜ್ಜನ ಹೊಲ ಕರವಸ್ತ್ರದಷ್ಟಾಗಿರುತ್ತಿತ್ತು.

ಹೆಣ್ಣುಮಕ್ಕಳಿಗೆ? ನೆಲದಲ್ಲಿ ಏನೂ ಇಲ್ಲ. ದನಕರು, ಪಾತ್ರೆಪಡಗದಂಥ ಚರ ಆಸ್ತಿಯಲ್ಲಿ ಅಣ್ಣತಮ್ಮಂದಿರಿಗೆ ಸಿಕ್ಕಿದ್ದರ ಅರ್ಧ. ಹಾಗೆಂದು ಆ ಕಾನೂನು ಪೂರ್ತಿ ಕಲ್ಲೆದೆಯದೂ ಅಲ್ಲ. ಮದುವೆಯಾಗಿ ಏಳು ವರ್ಷ ತುಂಬಿದ ಮೇಲೆ ಗಂಡ ಹೆಂಡಿರು ಬೇರೆಯಾದರೆ ಮನೆಯ ಸಾಮಾನಿನಲ್ಲಿ ಅವಳಿಗೆ ಸರಿಅರ್ಧ. ಹಂದಿಗಳು ಗಂಡನಿಗೆ, ಕುರಿಗಳು ಹೆಂಡತಿಗೆ. ಕುರಿಗಳನ್ನು ಹೊಡೆದುಕೊಂಡು ಹೊರಡಬಹುದಿತ್ತು. ಅವು ಮೇಯುವ ಹುಲ್ಲು ಮಾತ್ರ ಅವಳದಲ್ಲ.

ಇಂಗ್ಲೆಂಡಿನ ಅರಸ ಮೊದಲನೆಯ ಎಡ್ವರ್ಡ್ ವೇಲ್ಸನ್ನು ಗೆದ್ದು 1284ರಲ್ಲಿ ಹೊಸ ಕಟ್ಟಳೆ ತಂದ. ಗಂಡುಮಕ್ಕಳ ಸಮಪಾಲನ್ನು ಹಾಗೆಯೇ ಬಿಟ್ಟ. ಗಂಡು ಸಂತಾನ ಇಲ್ಲದ ಮನೆಯಲ್ಲಿ ಹೆಣ್ಣುಮಕ್ಕಳಿಗೆ ನೆಲ ಬರಬಹುದು, ವಿಧವೆಗೂ ಒಂದು ಪಾಲಿರಬೇಕು ಎಂದು ಸೇರಿಸಿದ. ಮನೆಗೆ ಬೆಳಕಿಗೆಂದು ಬಿಟ್ಟ ಸಣ್ಣ ಗವಾಕ್ಷಿಯಂಥ ಈ ಮಾತಿನಿಂದ ಮುಂದೆ ಎಂತೆಂಥ ದೊಡ್ಡ ಆಸ್ತಿಗಳು ಹೊರಗೆ ಹೋದವು ಎಂಬುದೇ ಈ ಕಥೆಯ ಸ್ವಾರಸ್ಯ.

ಪಿತ್ರಾರ್ಜಿತ ನೆಲವನ್ನು ಮಾರುವಂತಿರಲಿಲ್ಲ. ಕಾಸಿಗೆ ಕಷ್ಟ ಬಂದವನು ಏನು ಮಾಡಬೇಕು? ಅದಕ್ಕೂ ದಾರಿ ಹುಡುಕಿದರು. ನಾಲ್ಕು ವರ್ಷದ ವಾಯಿದೆಗೆ ಸಾಲ, ಸಾಲ ಕೊಟ್ಟವನು ಅಲ್ಲಿಯವರೆಗೆ ನೆಲ ಅನುಭವಿಸುವುದು. ನಮ್ಮ ಭೋಗ್ಯವೇ. ಬಿಡಿಸಿಕೊಳ್ಳಲಾಗದಿದ್ದರೆ ಮತ್ತೆ ನಾಲ್ಕು ವರ್ಷ, ಮತ್ತೆ ನಾಲ್ಕು. ಕೊನೆಗೆ ನೆಲ ಯಾರದೆಂದು ಕೇಳಿದರೆ ಇಬ್ಬರೂ ತಮ್ಮದೆನ್ನುವರು, ಇಬ್ಬರ ಮಾತೂ ಅರ್ಧ ನಿಜ. ಹೀಗೆ ಕೂಡಿಸಿಕೊಂಡ ಕೆಲವು ಚತುರರು ಜಮೀನ್ದಾರರಾದರು. ಕಳೆದುಕೊಂಡವರು ಅವರ ದಾಯಾದಿಗಳೇ ಆಗಿರುತ್ತಿದ್ದರು.

ಉತ್ತರ ವೇಲ್ಸಿನ ಗ್ವಿಡಿರ್ ಮನೆತನದ ಮೂಲಪುರುಷ ಮರೆಡಿತ್ ಹದಿನೈದನೆಯ ಶತಮಾನದ ಕೊನೆಯಲ್ಲಿ ಹುಟ್ಟೂರು ಬಿಟ್ಟ. ಅಲ್ಲೇ ಇದ್ದರೆ ನೆಂಟರನ್ನು ತಾನು ಕೊಲ್ಲಬೇಕು, ಇಲ್ಲವೇ ಅವರ ಕೈಯಲ್ಲಿ ಸಾಯಬೇಕು, ಅದಕ್ಕಿಂತ ಕಳ್ಳರ ಜೊತೆ ಹೊಡೆದಾಡುವುದೇ ವಾಸಿ ಎಂಬುದು ಅವನ ಲೆಕ್ಕ. ನಿಜವಾಗಿಯೂ ಕಳ್ಳಕಾಕರ ಬೀಡಾಗಿದ್ದ ಡೋಲ್‌ವಿದೆಲನ್ ಕಣಿವೆಗೇ ಹೋಗಿ ಕೋಟೆಯನ್ನು ಗುತ್ತಿಗೆ ಹಿಡಿದ. ಭಾನುವಾರ ಇಗರ್ಜಿಗೆ ಹೋಗಬೇಕಾದರೂ ಮನೆಯ ಬಾಗಿಲಿಗೆ ಅಗಣಿ ಹಾಕಿಸಿ, ಒಳಗೆ ಕಾವಲಿಟ್ಟು, ಮನೆಯೂ ಇಗರ್ಜಿಯೂ ಕಾಣುವಂಥ ಬಂಡೆಯ ಮೇಲೆ ಒಬ್ಬನನ್ನು ನಿಲ್ಲಿಸಿ ಹೋಗುತ್ತಿದ್ದನಂತೆ. ಅವನು ದೇವರ ಮುಂದೆ ನಿಂತಿದ್ದಷ್ಟು ಹೊತ್ತೂ ಅಗಣಿ ಹಾಕಿದ ಆ ಮನೆಯೊಳಗೆ ಕುಳಿತ ಹೆಂಗಸರು ಏನು ಯೋಚಿಸುತ್ತಿದ್ದರೋ! ಪುಸ್ತಕ ಅದನ್ನು ಹೇಳುವುದಿಲ್ಲ.

ಆಮೇಲೆ ಬಂದದ್ದು ಎಂಟನೆಯ ಹೆನ್ರಿಯ ಕಾನೂನುಗಳು. 1536 ಮತ್ತು 1543ರ ಕಾಯ್ದೆಗಳು ವೇಲ್ಸನ್ನು ಇಂಗ್ಲೆಂಡಿನೊಳಗೆ ಸೇರಿಸಿಬಿಟ್ಟವು. ಅವುಗಳೊಂದಿಗೆ ಸಮಪಾಲು ಹೋಯಿತು, ನೆಲವೆಲ್ಲ ಹಿರಿಯ ಮಗನಿಗೆ ಎಂಬ ಇಂಗ್ಲಿಷರ ಕ್ರಮ ಬಂತು. ಕಿರಿಯರು ಲಂಡನ್ನಿಗೆ ಹೋಗಿ ವಕೀಲರಾಗಲಿ, ಪಾದ್ರಿಗಳಾಗಲಿ, ವ್ಯಾಪಾರ ಮಾಡಲಿ. ಇನ್ನು ಜಗಳವಿಲ್ಲ ಎಂದು ನೀವು ಹೇಳಬಹುದು. ಜಗಳ ಸಾಯಲಿಲ್ಲ, ವೇಷ ಬದಲಾಯಿಸಿತು. ಕತ್ತಿ ಹಿಡಿದವರು ಕಾಗದ ಹಿಡಿದರು. ಈ ನೆಲ ಹಳೆಯ ಕ್ರಮದ್ದೋ ಹೊಸ ಕ್ರಮದ್ದೋ, ಭೋಗ್ಯ ತೀರಿತ್ತೋ ಇಲ್ಲವೋ, ಬೆಟ್ಟದ ಗೋಮಾಳಕ್ಕೆ ಬೇಲಿ ಹಾಕಿದ್ದು ಯಾರು ಎಂಬುದೆಲ್ಲ ಕೋರ್ಟಿನ ಕಟ್ಟೆ ಹತ್ತಿತು.

ಕೋರ್ಟಿಗೇನೂ ಕೊರತೆಯಿರಲಿಲ್ಲ. ವೇಲ್ಸಿನ ಹನ್ನೆರಡು ಜಿಲ್ಲೆಗಳಲ್ಲಿ ವರ್ಷಕ್ಕೆರಡು ಸಲ ಕೂಡುವ ದೊಡ್ಡ ನ್ಯಾಯಾಲಯವಿತ್ತು, 1830ರವರೆಗೂ ನಡೆಯಿತು. ಲಡ್ಲೋ ಎಂಬ ಊರಿನಲ್ಲಿ ಗಡಿನಾಡಿನ ಕೌನ್ಸಿಲ್ ಇತ್ತು. ಕೈಯಲ್ಲಿ ಹಣವಿದ್ದವರು ಲಂಡನ್ನಿಗೂ ಹೋಗುತ್ತಿದ್ದರು. ಅಲ್ಲೆಲ್ಲ ನಡೆಯುತ್ತಿದ್ದುದು ಇಂಗ್ಲಿಷು. ವೆಲ್ಷ್ ಬಿಟ್ಟು ಬೇರೆ ಮಾತು ಬಾರದ ಹೆಂಗಸು ತನ್ನ ಹಿತ್ತಲಿನ ಕಥೆಯನ್ನು ದುಭಾಷಿಯ ಬಾಯಲ್ಲಿ ಹೇಳಿಸಬೇಕಾಗಿತ್ತು. ಅಲ್ಲಿನ ಕಡತಗಳು ಇಂದಿಗೂ ಅಬರಿಸ್ಟ್‌ವಿತ್ ಊರಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.

ಜಮೀನ್ದಾರರ ಮದುವೆಯ ಕಾಗದವೂ ಆಸ್ತಿಯ ಕಾಗದವೇ. ಹುಡುಗಿಯ ತಂದೆ ಇಷ್ಟು ಹಣ ಕೊಡಬೇಕು. ಗಂಡ ಸತ್ತರೆ ಅವಳ ಜೀವನಕ್ಕೆ ಇಂತಿಂಥ ಜಮೀನು ಎಂದು ಗಂಡಿನ ಕಡೆಯವರು ಮೊದಲೇ ಬರೆದಿಡಬೇಕು. ಬರೆದಿಡದಿದ್ದರೆ ಗಂಡನ ನೆಲದ ಮೂರರಲ್ಲೊಂದು ಪಾಲಿನ ಮೇಲೆ ಅವಳಿಗೆ ಜೀವಮಾನದ ಹಕ್ಕು. ಮದುವೆಯ ದಿನ ಎಲ್ಲರೂ ನಗುತ್ತಲೇ ಬರೆಯುತ್ತಿದ್ದ ಆ ಸಾಲುಗಳು ಗಂಡ ಕಣ್ಣು ಮುಚ್ಚಿದ ಮರುದಿನವೇ ಮಲತಾಯಿಗೂ ಹಿರಿಯ ಮಗನಿಗೂ ನಡುವೆ ವ್ಯಾಜ್ಯವಾಗುತ್ತಿದ್ದವು. ವಿಧವೆ ಬಹಳ ಕಾಲ ಬದುಕಿದರೆ ಮಗನಿಗೆ ನಷ್ಟ. ಆಯುಷ್ಯವೇ ಒಂದು ಅಪರಾಧ.

ನಮ್ಮಮ್ಮ ತವರಿನ ಪಾಲುಪಟ್ಟಿಗೆ ಸಹಿ ಹಾಕಿ ಬಂದದ್ದು ನನಗೆ ನೆನಪಿದೆ. ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹಸಿರು ಸೀರೆಯನ್ನು ಅವಳು ಉಟ್ಟದ್ದನ್ನು ನಾನು ನೋಡಲಿಲ್ಲ. ಪೆಟ್ಟಿಗೆಯ ತಳದಲ್ಲಿ ಮಡಿಕೆ ಮಡಿಕೆಗೆ ಸೀಳು ಬಿಟ್ಟಿತ್ತು. ಹಾಗಾಗಿ ಈ ಪುಸ್ತಕಗಳಲ್ಲಿ ನನ್ನ ಕಣ್ಣು ಹುಡುಕಿದ್ದು ಗೆದ್ದವರನ್ನಲ್ಲ, ಸಹಿ ಹಾಕಿದವರನ್ನು. ಹುಡುಕುತ್ತಾ ಸಿಕ್ಕಿದವಳು ಬೆರೈನ್‌ನ ಕ್ಯಾತರಿನ್.

ಕಾರ್ಡಿಫ್ ಮ್ಯೂಸಿಯಂನಲ್ಲಿ ಅವಳ ಚಿತ್ರವಿದೆ. ಬರೆದದ್ದು 1568ರಲ್ಲಿ, ಏಡ್ರಿಯನ್ ವಾನ್ ಕ್ರೋನೆನ್‌ಬರ್ಗ್ ಎಂಬ ಕಲಾವಿದ. ಕಪ್ಪು ಉಡುಪು, ಒಂದು ಕೈ ತಲೆಬುರುಡೆಯ ಮೇಲೆ. ನಮ್ಮನ್ನು ನೋಡುವ ನೋಟದಲ್ಲಿ ಹೆದರಿಕೆಯೂ ಇಲ್ಲ, ಆಹ್ವಾನವೂ ಇಲ್ಲ. ಬೆರೈನ್ ಆಸ್ತಿಗೆ ಅವಳೇ ವಾರಸುದಾರಳು. ಅಂಥ ಹೆಣ್ಣಿಗೆ ವಿಧವೆಯಾಗಿ ಕೂರಲು ಯಾರು ಬಿಟ್ಟಾರು? ನಾಲ್ಕು ಮದುವೆಯಾಯಿತು. ಮೊದಲನೆಯವನು ಲೆವೆನಿ ಮನೆತನದ ಜಾನ್ ಸಾಲ್ಸ್‌ಬರಿ, 1566ರಲ್ಲಿ ತೀರಿಕೊಂಡ. ಎರಡನೆಯವನು ಆಂಟ್‌ವರ್ಪಿನಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದ ಸರ್ ರಿಚರ್ಡ್ ಕ್ಲಫ್, 1570ರಲ್ಲಿ ತೀರಿಕೊಂಡ. ಮೂರನೆಯವನು ಗ್ವಿಡಿರ್‌ನ ಮೋರಿಸ್ ವಿನ್, ಆ ಕಾವಲಿಟ್ಟು ಇಗರ್ಜಿಗೆ ಹೋಗುತ್ತಿದ್ದ ಮರೆಡಿತ್‌ನ ಮೊಮ್ಮಗ, 1580ರಲ್ಲಿ ಹೋದ. ನಾಲ್ಕನೆಯವನು ಪ್ಲಾಸ್ ಅ ವಾರ್ಡ್‌ನ ಎಡ್ವರ್ಡ್ ಥೆಲ್ವಾಲ್. ಅವನಿಗಿಂತ ಮೊದಲು, 1591ರಲ್ಲಿ, ಇವಳೇ ಹೋದಳು.

ಊರ ಬಾಯಿ ಸುಮ್ಮನಿರುತ್ತದೆಯೇ? ಮೊದಲನೆಯ ಗಂಡನ ಶವಸಂಸ್ಕಾರಕ್ಕೆ ಹೋಗುವಾಗಲೇ ಕ್ಲಫ್ ಕೇಳಿ ಒಪ್ಪಿಸಿಕೊಂಡನಂತೆ. ವಾಪಸು ಬರುವಾಗ ಮೋರಿಸ್ ವಿನ್ ಕೇಳಿದರೆ, ತಡವಾಯಿತು, ಮುಂದಿನ ಸಲ ನಿಮಗೇ ಎಂದಳಂತೆ. ಗಂಡಂದಿರು ಮಲಗಿದಾಗ ಕಿವಿಗೆ ಕಾದ ಸೀಸ ಹೊಯ್ದು ತೋಟದಲ್ಲಿ ಹೂಳುತ್ತಿದ್ದಳು ಎಂಬವರೆಗೂ ಕಥೆ ಬೆಳೆಯಿತು. ಆಧಾರವೇನೂ ಇಲ್ಲ. ಮೋರಿಸ್ ವಿನ್ ಕೂಡ ಮೊದಲೇ ಮದುವೆಯಾಗಿ ವಿಧುರನಾಗಿದ್ದವನೇ. ಅವನ ಮೇಲೆ ಸೀಸದ ಕಥೆ ಯಾರೂ ಕಟ್ಟಲಿಲ್ಲ. ಆಸ್ತಿಯಿರುವ ಗಂಡಸು ಮತ್ತೆ ಮದುವೆಯಾದರೆ ಸಂಸಾರ, ಹೆಂಗಸಾದರೆ ಸಂಶಯ.

ಕ್ಯಾತರಿನ್ ಸುಮ್ಮನೆ ಕುಳಿತವಳಲ್ಲ. ಅವಳ ಹಿರಿಯ ಮಗ ಮೋರಿಸ್ ವಿನ್ನನ ಮಗಳನ್ನು ಮದುವೆಯಾದ. ಮೋರಿಸ್‌ನಿಂದ ಹುಟ್ಟಿದ ಅವಳ ಮಗಳು ಥೆಲ್ವಾಲನ ಮಗನ ಹೆಂಡತಿಯಾದಳು. ಮಲಮಕ್ಕಳೇ ಅಳಿಯ ಸೊಸೆಯರು! ನಮ್ಮ ಕಡೆ ಸೋದರಮಾವನಿಗೆ ಕೊಟ್ಟು ಆಸ್ತಿ ಒಳಗೇ ಉಳಿಸಿಕೊಳ್ಳುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ವೇಲ್ಸಿನ ಎಷ್ಟೋ ಮನೆತನಗಳು ಅವಳಿಂದ ಕವಲೊಡೆದವು. ಅದಕ್ಕೇ ಅವಳನ್ನು ವೇಲ್ಸಿನ ತಾಯಿ ಎಂದು ಕರೆದರು. ಕೊಲೆಗಾತಿ ಎಂದ ಬಾಯೇ ತಾಯಿ ಎಂದೂ ಅಂದಿತು.

ಅವಳ ಮಲಮಗ ಸರ್ ಜಾನ್ ವಿನ್. 1553ರಲ್ಲಿ ಹುಟ್ಟಿ 1627ರವರೆಗೆ ಬದುಕಿದ ಈ ಮನುಷ್ಯ ಗ್ವಿಡಿರ್ ಮನೆತನದ ಚರಿತ್ರೆ ಬರೆದಿಟ್ಟ. ಮರೆಡಿತ್‌ನ ಕಥೆ ನಮಗೆ ತಿಳಿದದ್ದು ಅದರಿಂದಲೇ. ವಂಶಾವಳಿ ಅಲ್ಲಿ ಬರೀ ಜಂಬದ ಮಾತಲ್ಲ, ಹಕ್ಕುಪತ್ರ. ಇಂಥವನ ಮಗ ಇಂಥವನ ಮಗ ಎಂದು ಐದಾರು ತಲೆ ಹೇಳಬಲ್ಲವನಿಗೆ ನೆಲ. ಅಕ್ಕಪಕ್ಕದವರ ಜೊತೆ, ಒಕ್ಕಲುಗಳ ಜೊತೆ ಅವನು ಹೂಡಿದ ವ್ಯಾಜ್ಯಗಳಿಗೆ ಲೆಕ್ಕವಿಲ್ಲ. 1615ರಲ್ಲಿ ಲಡ್ಲೋ ಕೌನ್ಸಿಲ್‌ನ ಕೋಪಕ್ಕೂ ಗುರಿಯಾದ. ಬೆಟ್ವ್ಸ್ ಎಂಬ ಊರಿನ ಬಳಿಯ ಜಲಪಾತದ ಕೆಳಗೆ ಅವನ ಆತ್ಮ ಸಿಕ್ಕಿಬಿದ್ದಿದೆ, ಬದುಕಿದ್ದಾಗ ಮಾಡಿದ್ದನ್ನೆಲ್ಲ ನೀರು ತೊಳೆಯುವವರೆಗೂ ಬಿಡುಗಡೆಯಿಲ್ಲ ಎಂದು ಆ ಸೀಮೆಯ ಜನ ಹೇಳುತ್ತಾ ಬಂದಿದ್ದಾರೆ. ಕೋರ್ಟಿನಲ್ಲಿ ಸೋತವರು ಕಥೆಯಲ್ಲಿ ಗೆದ್ದರು.

ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಹಿರಿಯ ಮಗನಿಗಾಗಿ. ಆ ಹಿರಿಯ ಮಗ 1614ರಲ್ಲಿ, ಅಪ್ಪ ಇನ್ನೂ ಗಟ್ಟಿಯಾಗಿರುವಾಗಲೇ, ಇಟಲಿಯ ಲುಕ್ಕಾ ಊರಿನಲ್ಲಿ ತೀರಿಕೊಂಡ. ಆಸ್ತಿ ಎರಡನೆಯ ಮಗನಿಗೆ ಹೋಯಿತು, ಅವನ ನಂತರ ಇನ್ನೊಬ್ಬ ತಮ್ಮನಿಗೆ, ಆ ತಮ್ಮನ ಮಗನಿಗೆ. ಆ ಮೊಮ್ಮಗ 1674ರಲ್ಲಿ ಸತ್ತಾಗ ಅವನಿಗೆ ಗಂಡು ಸಂತಾನವಿರಲಿಲ್ಲ. ಮೇರಿ ಎಂಬ ಒಬ್ಬಳೇ ಮಗಳು. ಬಿರುದು ದಾಯಾದಿಗೆ ಹೋಯಿತು, ನೆಲ ಮಗಳಿಗೆ. 1678ರಲ್ಲಿ ಅವಳನ್ನು ಇಂಗ್ಲೆಂಡಿನ ಬರ್ಟಿ ಎಂಬ ಶ್ರೀಮಂತ ಮನೆತನಕ್ಕೆ ಮದುವೆ ಮಾಡಿಕೊಟ್ಟರು. ಮರೆಡಿತ್ ಕಾವಲಿಟ್ಟು ಕಾದದ್ದು, ಜಾನ್ ವಿನ್ ಕೋರ್ಟು ಅಲೆದು ಕೂಡಿಸಿದ್ದು, ಎಲ್ಲವೂ ಒಬ್ಬ ಹುಡುಗಿಯ ಜೊತೆ ಗಂಡನ ಮನೆ ಸೇರಿತು. ಅವಳನ್ನು ಯಾರೂ ಕೇಳಿರಲಾರರು. ಹೆಸರಿಗೆ ಒಡತಿ, ಕೈಯಲ್ಲಿ ಕೀಲಿಯಿಲ್ಲ. ಹೆಂಡತಿಯ ನೆಲದ ಆಡಳಿತ ಆಗಿನ ಕಾನೂನಿನಲ್ಲಿ ಗಂಡನದೇ.

ಬಿರುದು ಸಿಕ್ಕಿದ ಆ ದಾಯಾದಿಯೂ ದೊಡ್ಡ ಆಸ್ತಿ ಪಡೆದದ್ದು ವಾರಸುದಾರಳಾದ ಹೆಂಡತಿಯಿಂದ. ಮಕ್ಕಳಿಲ್ಲದ ಅವನು 1719ರಲ್ಲಿ ಸಾಯುವಾಗ ಅದನ್ನು ವಾಟ್ಕಿನ್ ವಿಲಿಯಮ್ಸ್ ಎಂಬ ನೆಂಟನಿಗೆ ಬಿಟ್ಟುಹೋದ. ಆ ನೆಂಟಸ್ತಿಕೆ ಯಾವ ಕಡೆಯದು? ತಾಯಿಯ ಕಡೆಯದು. ಅವಳು ಸರ್ ಜಾನ್ ವಿನ್ನನ ಮರಿಮಗಳು. ಮಗ ತಾಯಿಯ ಕಡೆಯ ವಿನ್ ಎಂಬ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ.

ವಂಶಾವಳಿಯ ಪಟಗಳಲ್ಲಿ ಗಂಡಸರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಹೆಂಗಸರದು ಪಕ್ಕದಲ್ಲಿ ಸಣ್ಣಗೆ: ಇಂಥವನ ಮಗಳು, ಇಂಥವನ ಹೆಂಡತಿ. ಗ್ವಿಡಿರ್ ಪಟವನ್ನು ಮುಂದಿಟ್ಟುಕೊಂಡು, ಮಗು ಮಲಗಿದ್ದ ಒಂದು ಮಧ್ಯಾಹ್ನ, ಆ ಸಣ್ಣ ಹೆಸರುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿದೆ. ಕ್ಯಾತರಿನ್‌ಳನ್ನು ಮುಚ್ಚಿದರೆ ಒಂದು ಮನೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೇರಿಯನ್ನು ಮುಚ್ಚಿದರೆ ಗ್ವಿಡಿರ್ ಆಸ್ತಿ ಬರ್ಟಿಗಳಿಗೆ ಹೇಗೆ ಹೋಯಿತೆಂದು ಹೇಳಲಾಗುವುದಿಲ್ಲ. ವಾಟ್ಕಿನ್‌ನ ತಾಯಿಯನ್ನು ಮುಚ್ಚಿದರೆ ಅವನು ಯಾರೋ ದಾರಿಹೋಕ. ಕಾನೂನು ಯಾರಿಗೆ ಹೊಲ ಕೊಡಲು ಹಿಂದೆ ಮುಂದೆ ನೋಡಿತೋ, ಹೊಲಕ್ಕೆ ದಾರಿ ತೋರಿಸಿದವರು ಅವರೇ. ದಾರಿಯಾದವರ ಹೆಸರಿಗೆ ಕೊನೆಗೆ ಉಳಿದದ್ದು ಎಷ್ಟು ನೆಲ ಎಂದು ಕೇಳಿದರೆ, ಬೆರಳು ಎತ್ತಿದಾಗ ಕಂಡ ಆ ಸಣ್ಣ ಅಕ್ಷರದ ಜಾಗವಷ್ಟೇ.