ಕೊಯ್ಲು ಮುಗಿಯಲಿ ಎನ್ನುವ ಹೊತ್ತು

ಸಾಗರದ ಕಡೆಯ ನಿಮ್ಮ ಅಂಗಳದಲ್ಲಿ ಅಡಿಕೆ ಬೇಯುತ್ತಿದೆ. ಚೊಗರಿನ ಒಗರು ವಾಸನೆ, ಸೌದೆಯ ಹೊಗೆ, ಚಪ್ಪರದಡಿ ಮೆಟ್ಟುಗತ್ತಿಯ ಮೇಲೆ ಕಾಯಿ ಸುಲಿಯುವ ಸದ್ದು. ಊಟಕ್ಕೆ ಕೂತಿದ್ದೀರಿ. ಮೊದಲ ತುತ್ತಿಗೇ ಸಾರಿನ ಖಾರ ಎಡಗೆನ್ನೆಯ ಒಳಗೆ ಚುರ್ರೆನ್ನುತ್ತದೆ. ದಸರೆಗೂ ಮುಂಚಿನಿಂದ ಹೀಗೇ ಆಗುತ್ತಿದೆ.

ಎದ್ದು ಬಚ್ಚಲಮನೆಯ ಕನ್ನಡಿಯ ಮುಂದೆ ನಿಲ್ಲುತ್ತೀರಿ, ಕೈಯಲ್ಲಿ ಮೊಬೈಲಿನ ಟಾರ್ಚು. ಬಾಯಿ ಅಗಲಿಸಲು ಹೋದರೆ ದವಡೆ ಬಿಗಿಯುತ್ತದೆ. ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡೇ ಹಿಡಿಸುತ್ತವೆ. ವರ್ಷಗಟ್ಟಲೆ ಎಲೆ, ಸುಣ್ಣ, ಅಡಿಕೆ, ಹೊಗೆಸೊಪ್ಪು ಒತ್ತರಿಸಿಟ್ಟುಕೊಂಡ ಜಾಗದಲ್ಲಿ ಬಿಳಿ ಮಚ್ಚೆ. ಬಟ್ಟೆಯಿಂದ ಒರೆಸಿದರೂ ಹೋಗದು. ಅದರ ನಡುವೆ ಕೆಂಪಗೆ ಒಂದು ಹುಣ್ಣು. ಬೆರಳಿಟ್ಟರೆ ಅಂಚು ಗಟ್ಟಿ. ಆದರೆ ಮುಟ್ಟಿದರೆ ನೋವಿಲ್ಲ.

ನೋವಿಲ್ಲವೆಂದು ನಿಮಗೆ ಸಮಾಧಾನವಾಗುತ್ತದೆ. ಆ ಸಮಾಧಾನ ಕಂಡರೆ ನನಗೆ ಭಯ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ.

“ಕೊಯ್ಲು ಮುಗೀಲಿ, ಆಮೇಲೆ ತೋರಿಸ್ತೀನಿ.”

“ರೀ, ಆಳು ನಾನು ನೋಡ್ಕೊಳ್ತೀನಿ. ನಾಳೇನೇ ಹೋಗಿ ಬನ್ನಿ.”

ಹಂಡೆ ಕುದಿಯುತ್ತಿದೆ. ಒಣಗಿಸಲು ಹರಡಿದ್ದು ಹಾಗೇ ಬಿದ್ದಿದೆ, ಆಳುಗಳ ಲೆಕ್ಕ ಬಾಕಿ. ಎರಡು, ಮೂರು ವಾರವಾದರೂ ಮಾಯದ ಹುಣ್ಣನ್ನು ತೋರಿಸಲೇಬೇಕು ಎಂದು ಆಶಾ ಕಾರ್ಯಕರ್ತೆ ಮೊನ್ನೆಯಷ್ಟೇ ಹೇಳಿಹೋಗಿದ್ದಾಳೆ. ರಾತ್ರಿಯಿಡೀ ನಾಲಿಗೆ ಆ ಅಂಚನ್ನೇ ಹುಡುಕಿಕೊಂಡು ಹೋಗುತ್ತದೆ. ಬೆಳಗಿನ ಬಸ್ಸು ಹತ್ತುತ್ತೀರಿ.

ಆಸ್ಪತ್ರೆಯ ಬೆಂಚಿನಲ್ಲಿ ಫಿನಾಯಿಲ್ ವಾಸನೆ. ಪಕ್ಕದ ಹೆಂಗಸು ಜೊತೆಯವಳ ಕಿವಿಯಲ್ಲಿ ಹೇಳುತ್ತಿದ್ದಾಳೆ: ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು, ಈಗ ಮತ್ತೆ ರಕ್ತ ಕಾಣಿಸಿದೆ. ಅದನ್ನೂ ತೋರಿಸಲೇಬೇಕು; ಆಕೆ ತಡಮಾಡದೆ ಬಂದಿದ್ದಾಳೆ, ಪುಣ್ಯ. ಎದುರಿನ ಗೋಡೆಯಲ್ಲಿ ಮೊಲೆಯ ಗಂಟಿನ ಚಿತ್ರ.

“ಬಾಯಿ ತೆಗೀರಿ. ಇನ್ನೂ ಸ್ವಲ್ಪ.” ವೈದ್ಯೆಯ ಕೈಗವಸಿನ ರಬ್ಬರು ರುಚಿ ನಾಲಿಗೆಗೆ. ಅವರ ಬೆರಳು ಕೆನ್ನೆಯಿಂದ ಕುತ್ತಿಗೆಗಿಳಿದು ಗಂಟುಗಳನ್ನು ಹುಡುಕುತ್ತದೆ.

“ಹೊಗೆಸೊಪ್ಪು ಹಾಕ್ತೀರಾ?”

“ಅದನ್ನ ಬಿಟ್ಟು ಬರೀ ಎಲೆ ಅಡಿಕೆ ಹಾಕಿದ್ರೆ ಆಗಬಹುದಾ, ಡಾಕ್ಟ್ರೇ?”

ಆಗದು. ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2003ರಲ್ಲೇ ತೀರ್ಮಾನಿಸಿದ್ದಾರೆ. ನಿಮ್ಮ ಬಾಯಿ ಬಿಗಿದದ್ದೂ ಅಡಿಕೆಯಿಂದಲೇ. ತೋಟದಿಂದಲೇ ಅನ್ನ ಕಂಡವರಿಗೆ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ, ಗೊತ್ತು.

ಸೂಜಿ. ಕೆನ್ನೆ ಜೋಮು. ಕುರ್ಚಿಯ ಕೈ ಬಿಗಿಹಿಡಿಯುತ್ತೀರಿ. ಕತ್ತರಿಯ ಸದ್ದು. ರಕ್ತದ ಉಪ್ಪು. ತೊಗರಿಬೇಳೆಯಷ್ಟು ಮಾಂಸ ಶೀಷೆಗೆ ಬಿದ್ದು ಪರೀಕ್ಷೆಗೆ ಹೋಗುತ್ತದೆ. ಮುಗಿಯಿತು.

ಮುಂದಿನ ವಾರ ಅದೇ ಕುರ್ಚಿ. “ಕ್ಯಾನ್ಸರ್” ಎನ್ನುತ್ತಾರೆ. ಕಿವಿ ಗುಂಯ್‌ಗುಡುತ್ತದೆ, ಆಮೇಲಿನ ಮಾತು ದೂರದಿಂದ ಬರುತ್ತದೆ: ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಸ್ಕ್ಯಾನಿನಲ್ಲಿ ಕುತ್ತಿಗೆಗೆ ಹಬ್ಬಿದ್ದು ಕಾಣುತ್ತಿಲ್ಲ, ಮೊದಲ ಹಂತ. ಶಸ್ತ್ರಚಿಕಿತ್ಸೆ ಬೇಕು. ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆಯುತ್ತ ವೈದ್ಯೆ ತಲೆಯೆತ್ತುತ್ತಾರೆ.

“ಮನೇಲಿ ಇನ್ಯಾರು ಹಾಕ್ತಾರೆ?”

“ತಮ್ಮ. ಅಮ್ಮನೂ.”

ಹೊರಗೆ ಬಂದು ಫೋನು ಹಚ್ಚುತ್ತೀರಿ. “ತಮ್ಮಾ, ಕೊಯ್ಲು ಹಾಳಾಗ್ಲಿ. ಅಮ್ಮನ್ನ ಕರ್ಕೊಂಡು ನಾಳೆ ಮೊದಲ ಬಸ್ಸಿಗೆ ಬಾ.”