ಹಲ್ಲು ನೋಡಿ ಕೊಂಡ ಕಾರು

ಆವನಿ ಜಾತ್ರೆಯಲ್ಲಿ ಎತ್ತಿನ ವಯಸ್ಸನ್ನು ಯಾರೂ ಮಾರುವವನ ಬಾಯಿಂದ ಕೇಳುವುದಿಲ್ಲ. ಎತ್ತಿನ ಬಾಯಿಂದಲೇ ಕೇಳುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು. ಹಲ್ಲಾದ ಮೇಲೆ ಸುಳಿ, ಸುಳಿಯಾದ ಮೇಲೆ ಗೊರಸು, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ವ್ಯಾಪಾರವೆಲ್ಲ ಟವೆಲಿನ ಕೆಳಗೆ, ಬೆರಳು ಹಿಡಿದು. ಶಿವರಾತ್ರಿಯ ಆಸುಪಾಸಿನಲ್ಲಿ ರಾಮಲಿಂಗೇಶ್ವರನ ತೇರಿಗೆ ಸೇರುವ ಈ ದನಗಳ ಜಾತ್ರೆಯಲ್ಲಿ ನಮ್ಮಪ್ಪ ಮೂವತ್ತು ವರ್ಷ ದಲ್ಲಾಳಿಯಾಗಿದ್ದರು. ಮುಳಬಾಗಿಲಿನ ಕಡೆಯವರ ಹತ್ತಿರ ಕನ್ನಡ, ಗಡಿಯಾಚೆಯಿಂದ ಬಂದವರ ಹತ್ತಿರ ತೆಲುಗು, ಟವೆಲಿನ ಕೆಳಗೆ ಮಾತ್ರ ಎಲ್ಲರಿಗೂ ಒಂದೇ ಭಾಷೆ.

ಈಗ ಜಾತ್ರೆಗೆ ಬರುವ ಜೋಡಿಗಳು ಕಮ್ಮಿ. ಉಳುಮೆ ಟ್ರ್ಯಾಕ್ಟರಿಗೆ ಹೋಯಿತು. ಅಪ್ಪನ ವಿದ್ಯೆಯನ್ನು ಕೇಳುವವರಿಲ್ಲದೆ ಕೆಲವು ವರ್ಷಗಳಾಗಿದ್ದವು. ಅಂಥ ಹೊತ್ತಿನಲ್ಲಿ, 2023ರ ಅಕ್ಟೋಬರಿನಲ್ಲಿ, ಅಣ್ಣ ಆಕ್ಲೆಂಡಿನಿಂದ ನನ್ನ ಮೊಬೈಲಿಗೆ ಎರಡು ಕಾಗದಗಳ ಚಿತ್ರ ಕಳಿಸಿದ. ಎರಡೂ ಜಪಾನಿನ ಹರಾಜುಕಟ್ಟೆಯ ಹಾಳೆಗಳು. ಅವನು ಹಳೆಯದೊಂದು ಟೊಯೊಟಾ ಆಕ್ವಾ ಹೈಬ್ರಿಡ್ ಕಾರು ತರಿಸಿಕೊಳ್ಳುವವನಿದ್ದ.

ನ್ಯೂಜಿಲೆಂಡಿನಲ್ಲಿ ಕಾರು ತಯಾರಾಗುವುದಿಲ್ಲ. 1998ರಲ್ಲಿ ಆಮದು ಸುಂಕ ತೆಗೆದಾಗ ಅಲ್ಲಿದ್ದ ಜೋಡಣಾ ಕಾರ್ಖಾನೆಗಳೂ ಮುಚ್ಚಿದವು. ಆ ದೇಶದ ರಸ್ತೆಗಳ ಮೇಲೆ ಓಡುವ ಕಾರುಗಳಲ್ಲಿ ಬಹಳಷ್ಟು ಜಪಾನಿನಲ್ಲಿ ಒಮ್ಮೆ ಸಂಸಾರ ಮಾಡಿ ಬಂದವು. ಎರಡೂ ದೇಶಗಳಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಕಡ್ಡಾಯ ತಪಾಸಣೆ. ಅದರ ಖರ್ಚು ಹೆಚ್ಚು. ಹಾಗಾಗಿ ಇನ್ನೂ ಚೆನ್ನಾಗಿ ಓಡುವ ಗಾಡಿಗಳನ್ನೇ ಜನ ಹರಾಜಿಗೆ ಬಿಡುತ್ತಾರೆ. ನಮ್ಮ ದೇಶದಲ್ಲಿ ಇದು ಊಹೆಗೆ ಮೀರಿದ ಮಾತು. ಮೂರು ವರ್ಷ ದಾಟಿದ ಹಳೆ ಕಾರನ್ನು ಇಲ್ಲಿ ತರುವ ಹಾಗೇ ಇಲ್ಲ. ಪಕ್ಕದ ಶ್ರೀಲಂಕೆಗೂ ಜಪಾನಿನ ಹಳೆ ಹೈಬ್ರಿಡ್‌ಗಳೇ ಬರುತ್ತಿದ್ದವು; 2020ರ ಮಾರ್ಚಿನಲ್ಲಿ ಅಲ್ಲಿ ವಾಹನಗಳ ಆಮದನ್ನೇ ನಿಲ್ಲಿಸಿದರು. ಖಾಸಗಿ ಕಾರುಗಳಿಗೆ ಬಾಗಿಲು ಮತ್ತೆ ತೆರೆದದ್ದು 2025ರಲ್ಲಿ.

ಅಣ್ಣನಿಗೆ ಅವಸರವಿತ್ತು. ಕಮ್ಮಿ ಹೊಗೆ ಬಿಡುವ ಕಾರುಗಳಿಗೆ ಅಲ್ಲಿನ ಸರ್ಕಾರ ಒಂದಿಷ್ಟು ದುಡ್ಡು ಮರಳಿಸುತ್ತಿತ್ತು. 2022ರ ಏಪ್ರಿಲಿನಿಂದ ಹೈಬ್ರಿಡ್‌ಗಳಿಗೂ ಸಿಗುತ್ತಿತ್ತು. ಚುನಾವಣೆ ಮುಗಿದು ಸರ್ಕಾರ ಬದಲಾಗುವುದರಲ್ಲಿತ್ತು, ಡಿಸೆಂಬರ್ 31ಕ್ಕೆ ಆ ಯೋಜನೆಗೆ ತೆರೆ ಬೀಳುವುದಿತ್ತು. ಅಷ್ಟರೊಳಗೆ ಕಾರು ಹಡಗಿಳಿದು ನೋಂದಣಿಯಾಗಬೇಕು.

ನಾನು ಕೋಲಾರ ಜಿಲ್ಲೆಯ ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿರುವುದರಿಂದ ಸವೆದ ಅಕ್ಷರ ಓದುವುದು ನನಗೆ ದಿನದ ಕೆಲಸ. ಆದರೆ ಆ ಹಾಳೆ ನನಗೂ ಹೊಸದು. ಮೇಲೊಂದು ಅಂಕ, ಕಾರಿನ ಒಟ್ಟಾರೆ ಸ್ಥಿತಿಗೆ. ಒಳಭಾಗಕ್ಕೆ ಎ, ಬಿ, ಸಿ, ಡಿ. ಕೆಳಗೆ ಬಿಡಿಸಿಟ್ಟ ಕಾರಿನ ರೇಖಾಚಿತ್ರ, ಅದರ ಮೈತುಂಬ ಗುರುತುಗಳು: ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯೂ ಎಂದರೆ ರಿಪೇರಿಯಾದ ಅಲೆ, ಎರಡು ಎಕ್ಸ್ ಎಂದರೆ ಬದಲಾಯಿಸಿದ ಭಾಗ. ಅಂಕದ ಜಾಗದಲ್ಲಿ ಆರ್ ಎಂದಿದ್ದರೆ ಅಪಘಾತ ಕಂಡು ರಿಪೇರಿಯಾದದ್ದು. ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಪ್ಪನ ಮುಂದಿಟ್ಟೆ.

ಇಟ್ಟದ್ದಕ್ಕೆ ಕಾರಣವಿತ್ತು. ಅಣ್ಣನ ಓದಿಗೆಂದು ಕೆರೆಯ ಕೆಳಗಿನ ಎರಡು ಎಕರೆ ಮಾರಿದ್ದೆವು. ಓದು ಮುಗಿಸಿ ವಾಪಸ್ ಬರುತ್ತಾನೆ ಎಂದು ಅಪ್ಪ ಅಂದುಕೊಂಡಿದ್ದರು. ಅವನು ಹಾಗೆ ಹೇಳಿಯೇ ಇರಲಿಲ್ಲ. ಮೂರು ವರ್ಷದಿಂದ ಇಬ್ಬರ ನಡುವೆ ಮಾತೆಂದರೆ ಅಮ್ಮನ ಬಿಪಿ ಮಾತ್ರೆ, ಮಳೆ, ಅಷ್ಟೇ.

ಅಪ್ಪ ಕನ್ನಡಕ ಹಾಕಿಕೊಂಡು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗುರುತುಗಳ ಅರ್ಥ ಹೇಳಿದೆ. "ಅಶ್ವಮೇಧದ ಕುದುರೆ ಹಣೆಗೆ ಬರೆದು ಕಟ್ಟಿದ್ರಂತಲ್ಲ, ಅಂಗೈತೆ ಇದು" ಎಂದರು. ಸೀತೆ ಲವಕುಶರನ್ನು ಹೆತ್ತದ್ದು ನಮ್ಮ ಬೆಟ್ಟದ ಮೇಲೆ, ರಾಮನ ಕುದುರೆಯನ್ನು ಹುಡುಗರು ಕಟ್ಟಿಹಾಕಿದ್ದು ನಮ್ಮೂರಲ್ಲೇ ಎಂದು ನಂಬುವ ಊರಿನವರಿಗೆ ಬೇರೆ ಹೋಲಿಕೆ ಎಲ್ಲಿಂದ ಬರಬೇಕು?

ಒಂದು ಕಾರಿಗೆ ನಾಲ್ಕೂವರೆ ಅಂಕ. ಏಳು ವರ್ಷದಲ್ಲಿ ಓಡಿದ್ದು ಬರೀ 11 ಸಾವಿರ ಕಿಲೋಮೀಟರ್. ಇನ್ನೊಂದಕ್ಕೆ ನಾಲ್ಕು, 68 ಸಾವಿರ ಓಡಿತ್ತು, ಮೈಮೇಲೆ ಗೀರುಗಳು. ಅಣ್ಣನ ಮನಸ್ಸು ಮೊದಲನೆಯದರ ಮೇಲಿತ್ತು. ಅಪ್ಪ ಫೋನ್ ತೆಗೆದುಕೊಂಡು ನೇರ ಕೇಳಿದರು:

"ಅದ್ಯಾಕೆ ಅಷ್ಟು ಕಮ್ಮಿ ಓಡೈತೆ? ಕೊಟ್ಟಿಗೇಲಿ ಕಟ್ಟಾಕಿದ್ರಾ?"

ಅಣ್ಣ ನಕ್ಕ. ಅಪ್ಪ ನಗಲಿಲ್ಲ. "ವರ್ಷಗಟ್ಟಲೆ ಕಟ್ಟಾಕಿದ ಎತ್ತನ್ನ ನೊಗಕ್ಕೆ ಹೂಡಿದ್ರೆ ಮೊದಲು ಕಾಲು ಬೀಳ್ತದೆ ಕಣೋ. ಮೈ ನುಣ್ಣಗಿರ್ತದೆ, ಒಳಗೆ ದಮ್ಮಿರಲ್ಲ. ಗೀರಿರೋದು ಕೆಲಸ ಮಾಡಿರೋ ಪ್ರಾಣಿ."

ಹೈಬ್ರಿಡ್ ಕಾರಿನ ವಿಷಯದಲ್ಲಿ ಈ ಮಾತು ತಮಾಷೆಯಲ್ಲ. ಅದರಲ್ಲಿರುವುದು ಎಂಜಿನ್ ಮತ್ತು ಮೋಟಾರಿನ ಜೋಡಿ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಮೋಟಾರು ಹಿಡಿದು ಬ್ಯಾಟರಿಗೆ ತುಂಬುತ್ತದೆ. ನಿಧಾನ ಸಂಚಾರದಲ್ಲಿ ಅದೇ ಶಕ್ತಿಯಿಂದ ಗಾಡಿ ಎಳೆಯುತ್ತದೆ. ಬ್ಯಾಟರಿಗೆ ಈ ತುಂಬುವ ಖಾಲಿಯಾಗುವ ಕೆಲಸ ನಡೆಯುತ್ತಲೇ ಇರಬೇಕು. ತಿಂಗಳುಗಟ್ಟಲೆ ನಿಂತರೆ ತಾನಾಗಿ ಬರಿದಾಗುತ್ತದೆ, ಅದರ ಕೋಶಗಳು ಸಮ ತಪ್ಪುತ್ತವೆ. ಅಣ್ಣ ಅಲ್ಲಿನ ಮೆಕ್ಯಾನಿಕ್ ಒಬ್ಬರನ್ನು ಕೇಳಿದ. ಅವರೂ ಎರಡನೆಯದನ್ನೇ ತೋರಿಸಿದರು.

ಆಮೇಲಿನ ಏಳೆಂಟು ವಾರ ನಮ್ಮ ಮನೆಯಲ್ಲಿ ಆ ಕಾರಿನದೇ ಪಂಚಾಂಗ. ಆಕ್ಲೆಂಡ್ ನಮಗಿಂತ ಏಳೂವರೆ ಗಂಟೆ ಮುಂದೆ. ಅಪ್ಪ ಮಧ್ಯಾಹ್ನದ ಮುದ್ದೆ ಉಂಡು ಕೂತರೆ ಅಣ್ಣನಿಗೆ ರಾತ್ರಿ ಒಂಬತ್ತು. ಹಡಗು ಹತ್ತಿತಾ? ಎಲ್ಲಿದೆ? ನಡುವೆ ತಿಗಣೆಯ ಆತಂಕ. ಏಷ್ಯಾದ ಒಂದು ಜಾತಿಯ ಗಬ್ಬುತಿಗಣೆ ಕಾರುಗಳ ಸಂದಿಯಲ್ಲಿ ಅಡಗಿ ಹೋಗುತ್ತದೆ, ಹೋದರೆ ಅಲ್ಲಿನ ಹಣ್ಣಿನ ತೋಟಗಳಿಗೆ ಕೇಡು. 2018ರ ಫೆಬ್ರವರಿಯಲ್ಲಿ ಇದೇ ಕಾರಣಕ್ಕೆ ಜಪಾನಿನಿಂದ ಬಂದ ಕಾರಿನ ಹಡಗುಗಳನ್ನೇ ವಾಪಸ್ ಕಳಿಸಿದ್ದರು. ಅಂದಿನಿಂದ ಆ ಕಾಲದಲ್ಲಿ ಬರುವ ಕಾರುಗಳಿಗೆ ಬಿಸಿ ಕೊಟ್ಟು ಹುಳ ಸಾಯಿಸಿಯೇ ಕಳಿಸಬೇಕು. "ಎತ್ತಿಗೆ ಉಣ್ಣೆ ನೋಡಿದಂಗೆ" ಎಂದರು ಅಪ್ಪ. ಸುಂಕವಿಲ್ಲದಿದ್ದರೂ 15 ಪರ್ಸೆಂಟ್ ಜಿಎಸ್‌ಟಿ ಕಟ್ಟಿ, ತಪಾಸಣೆ ಮುಗಿಸಿ, ಡಿಸೆಂಬರ್ ನಡುವಿನಲ್ಲಿ ನಂಬರ್ ಪ್ಲೇಟ್ ಬಂತು.

ಅಣ್ಣ ವಿಡಿಯೋ ಕರೆಯಲ್ಲಿ ಗುಂಡಿ ಒತ್ತಿದ. ಸದ್ದೇ ಇಲ್ಲ. "ಸ್ಟಾರ್ಟೇ ಆಗಿಲ್ವಲ್ಲೋ" ಎಂದು ಅಪ್ಪ ಗಾಬರಿಯಾದರು. ಅಷ್ಟರಲ್ಲಿ ಹೆಂಗಸೊಬ್ಬಳು ಜಪಾನಿಯಲ್ಲಿ ಏನೋ ಹೇಳಿದಳು. ಅಲ್ಲಿನ ಟೋಲ್ ರಸ್ತೆಯ ಕಾರ್ಡು ಹಾಕಿಲ್ಲ ಎಂಬ ಎಚ್ಚರಿಕೆಯಂತೆ. ರೇಡಿಯೋ ಕೂಡ ಜಪಾನಿನ ತರಂಗಗಳಿಗಷ್ಟೇ ಕಿವಿ ಕೊಡುತ್ತದೆ, ಆಕ್ಲೆಂಡಿನ ಬಹಳಷ್ಟು ಸ್ಟೇಷನ್ನುಗಳು ಸಿಗುವುದಿಲ್ಲ. ಬೇಕಾದರೆ ಪರಿವರ್ತಕ ಹಾಕಿಸಬಹುದು, ಆ ಹೆಂಗಸಿನ ಬಾಯಿಯನ್ನೂ ಮುಚ್ಚಿಸಬಹುದು ಎಂದ ಅಣ್ಣ.

"ಇರ್ಲಿ ಬಿಡು," ಎಂದರು ಅಪ್ಪ. "ಹುಟ್ಟಿದೂರಿನ ಮಾತು. ಕಲಿತಿರೋದನ್ನ ಯಾಕೆ ಮರೆಸ್ತೀಯ?"

ಆ ಕಡೆ ಅಣ್ಣ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕರೆ ಮುಗಿದ ಮೇಲೆ ಅಮ್ಮ, "ಹೊಸ ಗಾಡಿ ಬಂತಲ್ಲ, ಇನ್ನು ಅವನು ಅಲ್ಲೇ" ಎಂದು ಮೆಲ್ಲಗೆ ಅಂದಳು. ಅಪ್ಪ ಹಾಳೆಯನ್ನು ಮಡಿಚಿ ಜಮೀನಿನ ಹಳೆ ಪಹಣಿಗಳ ಜೊತೆ ಇಟ್ಟರು. "ಗೊತ್ತು. ಗಾಡಿ ಹೂಡಿದ ಮೇಲೆ ರಸ್ತೆಗೆ ಬಿಡಬೇಕು" ಎಂದರು.