ಪರ್ವತಿಯ ಮೆಟ್ಟಿಲುಗಳು

ಪುಣೆಯಲ್ಲಿರುವ ನಮ್ಮವರ ಮನೆಗೆ ಊರಿನಿಂದ ಯಾರೇ ಬರಲಿ, ಶನಿವಾರವಾಡೆಯನ್ನೂ ಪರ್ವತಿಯನ್ನೂ ತೋರಿಸದೆ ಕಳಿಸುವುದುಂಟೇ! ಆದರೆ ನಾವು ಹೇಳಹೊರಟಿರುವುದು ನಸುಕಿನಲ್ಲಿ ದಿನವೂ ಹತ್ತುವವರ ಪರ್ವತಿಯ ಮಾತು.

ಮೆಟ್ಟಿಲುಗಳು 103. ಅಗಲವಾದ ಕಲ್ಲಿನವು. ಬೆಳಕು ಹರಿಯುವ ಮೊದಲೇ ಕಿವಿಗೆ ಮಫ್ಲರ್ ಸುತ್ತಿದ ಅಜ್ಜಂದಿರು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟ ಅಜ್ಜಿಯರು, ಮೂರು ಮೂರು ಸಲ ಹತ್ತಿಳಿಯುವ ಹುಡುಗರು ಇಲ್ಲಿ ನೆರೆದಿರುತ್ತಾರೆ. ಮೇಲೆ ನಾನಾಸಾಹೇಬ ಪೇಶವೆ 1749ರಲ್ಲಿ ಕಟ್ಟಿಸಿದ ದೇವದೇವೇಶ್ವರನ ಗುಡಿ. 1761ರ ಜನವರಿಯಲ್ಲಿ ಪಾನಿಪತದಲ್ಲಿ ಮಗ ವಿಶ್ವಾಸರಾಯನನ್ನೂ ಚಿಕ್ಕಪ್ಪನ ಮಗ ಸದಾಶಿವರಾಯನನ್ನೂ ಕಳೆದುಕೊಂಡ ಆ ಪೇಶವೆ, ಅದೇ ಜೂನಿನಲ್ಲಿ ಈ ಗುಡ್ಡದ ಮೇಲೆಯೇ ತೀರಿಕೊಂಡ. ಶೋಕದಿಂದ ಕುಗ್ಗಿ ಸತ್ತನೆಂದು ಜನ ಹೇಳುತ್ತಾರೆ.

ಶೋಕ ಬೇರೆ, ಖಿನ್ನತೆಯೆಂಬ ಕಾಯಿಲೆ ಬೇರೆ. ವಾರಗಟ್ಟಲೆ ಯಾವುದರಲ್ಲೂ ರುಚಿಯಿಲ್ಲ, ನಿದ್ದೆಯಿಲ್ಲ, ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲ. ಪರಸ್ಥಳದಲ್ಲಿರುವ ನಾವು ಅದನ್ನು ಊರಿನ ಹಂಬಲವೆಂದೋ ಸೋಮಾರಿತನವೆಂದೋ ತಳ್ಳಿಹಾಕುವುದೇ ಹೆಚ್ಚು.

ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 50 ವಯಸ್ಸು ತುಂಬಿದ 156 ಮಂದಿ ರೋಗಿಗಳಲ್ಲಿ ಒಂದು ಗುಂಪಿಗೆ ಮಾತ್ರೆ, ಒಂದಕ್ಕೆ ವಾರಕ್ಕೆ 3 ದಿನ ಬಿರುಸಿನ ನಡಿಗೆ ಅಥವಾ ಓಟ, ಮತ್ತೊಂದಕ್ಕೆ ಎರಡೂ. 16 ವಾರಗಳಾದ ಮೇಲೆ ಮೂರೂ ಗುಂಪಿನವರು ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದರು. ಬರಿಯ ಮಾತ್ರೆಯವರಿಗೆ ಗುಣ ಬೇಗ ಕಂಡಿತೆಂಬುದನ್ನೂ ಹೇಳಬೇಕು. 2024ರಲ್ಲಿ ಇಂಥ 218 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದವರು ನಡಿಗೆ, ಯೋಗ, ಭಾರ ಎತ್ತುವುದು ಎಲ್ಲವೂ ಗುಣಕಾರಿಯೆಂದರು. ಆದರೆ ಆ ಪ್ರಯೋಗಗಳಲ್ಲಿ ಪಕ್ಕಾ ಆದವು ಕಡಿಮೆ.

ತೊಡಕಿರುವುದು ಬೇರೆಡೆ. ಈ ಔಷಧಕ್ಕೆ ಎದ್ದು ಹೊರಡಬೇಕು, ಏಳಲಾಗದಿರುವುದೇ ಕಾಯಿಲೆ! “ನಾಲ್ಕು ಹೆಜ್ಜೆ ನಡೆದು ಬನ್ನಿ” ಎಂದು ಅಡಿಗೆಮನೆಯಿಂದ ಕೂಗಿದರೆ ಸಾಲದು, ಜೊತೆಗೆ ಒಬ್ಬರು ಹೋಗಬೇಕು. ನಮ್ಮ ಓಣಿಯಲ್ಲೊಬ್ಬ ಧಾರವಾಡದ ಗೃಹಸ್ಥರು, ನಿವೃತ್ತರಾದ ಮೇಲೆ ಮಾತೇ ಬಿಟ್ಟಿದ್ದರು. ವೈದ್ಯರ ಮಾತ್ರೆ ನಡೆದೇ ಇತ್ತು. ಅವರ ಭಾವಮೈದುನರು ದಿನವೂ 6 ಗಂಟೆಗೆ ಬಂದು, “ಏಳ್ರಿ ಭಾವಾ, ಹೋಗೂಣ” ಎಂದು ಬಾಗಿಲು ತಟ್ಟತೊಡಗಿದರು. ಮೊದಲ ವಾರ ಇಪ್ಪತ್ತನೆಯ ಮೆಟ್ಟಿಲಿನಿಂದಲೇ ವಾಪಸು. (ಮೊಣಕಾಲು, ಎದೆಯ ತೊಂದರೆಯಿದ್ದವರು ಕೆಳಗೆ ಸಾರಸಬಾಗಿನಲ್ಲೇ ನಡೆಯುವುದು ಮೇಲು.) ಮಾತ್ರೆಯನ್ನು ಅವರು ಇಂದಿಗೂ ವೈದ್ಯರನ್ನು ಕೇಳದೆ ಬಿಟ್ಟಿಲ್ಲ. ಈಗ ತುದಿಯಲ್ಲಿ ನಿಂತು ಹೊಸಬರಿಗೆ ಸಿಂಹಗಡ ಯಾವ ಕಡೆಯೆಂದು ತೋರಿಸುತ್ತಾರೆ. ಇಳಿಯುವಾಗ ಕಾಲು ನೋಯುತ್ತದೆಂದು ಗೊಣಗುತ್ತಾರೆ. ಮೊದಲು ಅದನ್ನೂ ಹೇಳುತ್ತಿರಲಿಲ್ಲ.